ಹತ್ತು ರಿಪೋರ್ಟ್ ಬಂದರೆ ಬ್ಯಾನ್ ಮಾಡಬಹುದಾ?

ಪ್ರಶ್ನೆ: ಸ್ನೇಹಿತರು ಸೇರಿ ಒಂದು ಆನ್‌ಲೈನ್ ಶೂಟಿಂಗ್ ಗೇಮ್ ಮಾಡಿದ್ದೇವೆ. ಒಬ್ಬನ ಮೇಲೆ ಹತ್ತು ರಿಪೋರ್ಟ್ ಬಂದರೆ ತಾನಾಗಿಯೇ ಬ್ಯಾನ್ ಆಗುತ್ತದೆ. ಈಗ ಚೆನ್ನಾಗಿ ಆಡುವವರೇ ಬ್ಯಾನ್ ಆಗುತ್ತಿದ್ದಾರೆ. ಹತ್ತನ್ನು ಇಪ್ಪತ್ತು ಮಾಡಿದರೆ ಸರಿಹೋಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ಇನ್ನೂರು ಮಾಡಿದರೂ ಇದೇ ಗತಿ. ಹೆಜ್ಜೆ ಸಪ್ಪಳ ಕೇಳಿ ಕಾದು ಹೊಡೆದವನೂ, ವಾಲ್‌ಹ್ಯಾಕ್ (ಗೋಡೆಯಾಚೆ ಇರುವವರನ್ನು ತೋರಿಸುವ ಮೋಸದ ಸಾಫ್ಟ್‌ವೇರ್) ಹಾಕಿ ಹೊಡೆದವನೂ ಸತ್ತವನ ಕಣ್ಣಿಗೆ ಒಂದೇ ಥರ ಕಾಣುತ್ತಾರೆ. ಆ ಸಿಟ್ಟಿನಲ್ಲಿ ರಿಪೋರ್ಟ್ ಬಟನ್ ಒತ್ತುತ್ತಾರೆ. ಜೊತೆಗಿದ್ದ ಗೆಳೆಯರೂ ಒತ್ತುತ್ತಾರೆ. ರಿಪೋರ್ಟ್ ಅಂದರೆ ದೂರು ಅಷ್ಟೇ, ಅದನ್ನು ವೋಟಿನ ಹಾಗೆ ಎಣಿಸಬೇಡಿ.

ವಾಲ್ವ್ ಕಂಪನಿ ಕೌಂಟರ್‌ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ ಆಟಕ್ಕೆ 2013ರಲ್ಲಿ ತಂದ ಓವರ್‌ವಾಚ್ ವ್ಯವಸ್ಥೆಯನ್ನು ನೀವು ಗಮನಿಸಬೇಕು. ಅಲ್ಲಿ ದೂರು ಬಂದ ಆಟಗಾರನ ಎಂಟು ಸುತ್ತಿನ ರಿಪ್ಲೇ ಅನುಭವಿ ಆಟಗಾರರ ಮುಂದೆ ಹೋಗುತ್ತಿತ್ತು. ಹೆಸರು ಕಾಣುತ್ತಿರಲಿಲ್ಲ, ಚಾಟ್ ಕೂಡ ಇರುತ್ತಿರಲಿಲ್ಲ. ನೋಡುವವರಿಗೆ ಸಿಗುತ್ತಿದ್ದದ್ದು ಆಟ ಮಾತ್ರ. ಗುರಿಗೆ ಸಾಫ್ಟ್‌ವೇರ್ ಸಹಾಯ ಇದೆಯಾ, ಗೋಡೆಯಾಚೆ ಕಾಣುತ್ತಿದೆಯಾ ಅಂತ ಬೇರೆ ಬೇರೆಯಾಗಿ ಹೇಳಬೇಕಿತ್ತು. ಸಂಶಯಕ್ಕೆ ಎಡೆಯಿಲ್ಲದಿದ್ದರೆ ಮಾತ್ರ ತಪ್ಪಿತಸ್ಥ, ಇಲ್ಲದಿದ್ದರೆ ‘ಸಾಕ್ಷಿ ಸಾಲದು’. ಸರಿಯಾಗಿ ತೀರ್ಪು ಕೊಡುತ್ತಾ ಬಂದವರ ಮಾತಿಗೆ ಹೆಚ್ಚು ತೂಕ ಇತ್ತು. ನನಗೆ ಇದೆಲ್ಲದರಲ್ಲಿ ತುಂಬಾ ಹಿಡಿಸಿದ್ದು ಹೆಸರು ಮುಚ್ಚಿಟ್ಟ ಕ್ರಮ.

ಆಮೇಲೆ ವಾಲ್ವ್‌ನವರು ವ್ಯಾಕ್‌ನೆಟ್ ಎಂಬ ಡೀಪ್ ಲರ್ನಿಂಗ್ ವ್ಯವಸ್ಥೆ, ಅಂದರೆ ಉದಾಹರಣೆಗಳಿಂದ ಕಲಿತು ಮೋಸಗಾರರನ್ನು ತಾನೇ ಗುರುತಿಸುವ ಸಾಫ್ಟ್‌ವೇರ್ ಕಟ್ಟಿದರು. 2018ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಾಲ್ವ್‌ನ ಜಾನ್ ಮೆಕ್‌ಡೊನಾಲ್ಡ್ ಇದರ ಲೆಕ್ಕ ಕೊಟ್ಟರು. ಆಟಗಾರರ ರಿಪೋರ್ಟಿನಿಂದ ಬಂದ ಕೇಸುಗಳಲ್ಲಿ ತಪ್ಪು ಸಾಬೀತಾಗುತ್ತಿದ್ದದ್ದು ಶೇ. 15ರಿಂದ 30. ವ್ಯಾಕ್‌ನೆಟ್ ಕಳಿಸಿದವುಗಳಲ್ಲಿ ಶೇ. 80ರಿಂದ 95. ಹತ್ತು ರಿಪೋರ್ಟಿಗೆ ಬ್ಯಾನ್ ಅಂದರೆ ಎಷ್ಟು ಅಮಾಯಕರು ಸಿಕ್ಕಿಬೀಳಬಹುದು ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ? ವ್ಯಾಕ್‌ನೆಟ್ ಹಿಡಿದವರನ್ನೂ ಸುಮ್ನೆ ಬ್ಯಾನ್ ಮಾಡದೆ ಅದೇ ಆಟಗಾರರ ಮುಂದೆ ತೀರ್ಪಿಗೆ ಇಡುತ್ತಿದ್ದರು.

ನಿಮ್ಮ ಚಿಕ್ಕ ಆಟಕ್ಕೆ ಡೀಪ್ ಲರ್ನಿಂಗ್ ಬೇಕಿಲ್ಲ. ಮೊದಲು ಸರ್ವರ್‌ನಲ್ಲೇ ರಿಪ್ಲೇ ಉಳಿಸಿ. ಅದಿಲ್ಲದೆ ಯಾವ ವಿಚಾರಣೆಯೂ ನಡೆಯದು. ಬಟನ್ ಒತ್ತಿದ ಕ್ಷಣವನ್ನು ಅದರಲ್ಲಿ ಗುರುತು ಮಾಡಿ. ಒಂದೇ ತಂಡದಿಂದ ಎಷ್ಟೇ ದೂರು ಬಂದರೂ ಒಂದಾಗಿ ಹಿಡಿಯಿರಿ. ಹಿಂದಿನ ದೂರುಗಳು ಎಷ್ಟು ನಿಜವಾದವು ಅಂತ ಒಬ್ಬೊಬ್ಬರಿಗೂ ಅಂಕ ಇಟ್ಟು, ಹೆಚ್ಚು ಅಂಕದವರ ದೂರನ್ನು ಮೊದಲು ನೋಡಿ, ಆದರೆ ಆ ಅಂಕ ಅವರಿಗೆ ಕಾಣದಿರಲಿ. ಬೈಗುಳದ ದೂರಿಗೆ ಬೇರೆಯೇ ಬಟನ್ ಇಡಿ.

ಮೋಸ ಸಾಬೀತಾದಾಗ ದೂರು ಕೊಟ್ಟವರಿಗೆ ತಿಳಿಸಿ. ಲಿಚೆಸ್ ಚದುರಂಗ ತಾಣದಲ್ಲಿ ಮೋಸಗಾರನಿಗೆ ಸೋತವರ ರೇಟಿಂಗ್ ಅಂಕಗಳನ್ನೂ ವಾಪಸ್ ಕೊಡುತ್ತಾರೆ. ನೀವೂ ಕೊಡಿ. ಮತ್ತೆ, ಈಗಾಗಲೇ ಬ್ಯಾನ್ ಆದವರ ಖಾತೆಗಳನ್ನು ಇವತ್ತೇ ತೆರೆಯಿರಿ, ಕ್ಷಮೆ ಕೇಳಿ ಒಂದು ಸಂದೇಶವನ್ನೂ ಕಳಿಸಿ.