ಒಂದೇ ಫೈಲಲ್ಲಿ ಇಡೀ ಲಿನಕ್ಸ್?

ಪ್ರಶ್ನೆ: ಸರ್, ಮನೇಲಿ ಎರಡು ಲಿನಕ್ಸ್ ಕಂಪ್ಯೂಟರ್ ಇದೆ, ಫಾರ್ಮ್ಯಾಟ್ ಮಾಡಿದಾಗೆಲ್ಲಾ ಸಾಫ್ಟ್‌ವೇರು, ಕನ್ನಡ ಕೀಬೋರ್ಡು ಎಲ್ಲಾ ಮೊದಲಿಂದ ಹಾಕ್ಬೇಕು. ನಿಕ್ಸ್‌ಓಎಸ್ ಅನ್ನೋ ಲಿನಕ್ಸ್ ಹಾಕಿದ್ರೆ ಈ ಕಾಟ ತಪ್ಪುತ್ತಾ?

ಉತ್ತರ: ಬಹುಮಟ್ಟಿಗೆ ತಪ್ಪುತ್ತೆ. ಯಾವ ಸಾಫ್ಟ್‌ವೇರ್ ಬೇಕು, ಯಾವ ಫಾಂಟು, ಕನ್ನಡ ಟೈಪಿಂಗಿಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರಾ ಅಂತೆಲ್ಲಾ 'ಕಾನ್ಫಿಗರೇಶನ್ ಡಾಟ್ ನಿಕ್ಸ್' ಅನ್ನೋ ಫೈಲಲ್ಲಿ ಬರೆದು ರೀಬಿಲ್ಡ್ ಕಮಾಂಡ್ ಕೊಟ್ರೆ ಸಿಸ್ಟಮ್ ಹಾಗೇ ರೆಡಿ ಆಗುತ್ತೆ, ಏನಾದ್ರೂ ಎಡವಟ್ಟಾದ್ರೆ ಬೂಟ್ ಮೆನುವಲ್ಲಿ ಹಿಂದಿನ ಜನರೇಶನ್ (ಅಂದ್ರೆ ಹಿಂದಿನ ಸಲ ರೀಬಿಲ್ಡ್ ಮಾಡಿದಾಗ ಇದ್ದ ಸಿಸ್ಟಮ್) ಆರಿಸ್ಕೊಂಡ್ರೆ ಆಯ್ತು, ನಂಗಂತೂ ಇದೊಂದಕ್ಕೇ ಅದು ಇಷ್ಟ. ಎರಡನೇ ಕಂಪ್ಯೂಟರಿಗೂ ಅದೇ ಫೈಲ್ ಕಾಪಿ ಮಾಡಿ, ಆದ್ರೆ ಪಕ್ಕದಲ್ಲಿರೋ ಹಾರ್ಡ್‌ವೇರ್ ಕಾನ್ಫಿಗರೇಶನ್ ಫೈಲ್ ಮಾತ್ರ ಒಯ್ಬೇಡಿ, ಆಯಾ ಮಷೀನಿನ ಡಿಸ್ಕ್ ವಿವರ ಅದರಲ್ಲೇ ಇರೋದು. ಫೋಟೋ, ಡಾಕ್ಯುಮೆಂಟ್ ಇದರಲ್ಲಿ ಬರಲ್ಲ, ಬ್ಯಾಕಪ್ ಬೇರೆ ತಗೊಳ್ಳಿ. ಹಳೇ ಜನರೇಶನ್‌ಗಳು ಡಿಸ್ಕ್ ತಿಂತಾ ಕೂತಿರ್ತವೆ, ಆಗಾಗ ಕ್ಲೀನ್ ಮಾಡ್ತಿರಿ.