ಮಂಗ ಹೇಳಿದ್ದು ಸುಳ್ಳಲ್ಲವೇ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಹೋಗಿ ನಿಂತ ಪುಣ್ಯಕೋಟಿಯ ಕಥೆ ಹೇಳಿದ ಮರುವಾರವೇ ಮಂಗ–ಮೊಸಳೆ ಕಥೆ ಹೇಳಿದೆ. ‘ಮಂಗ ಸುಳ್ಳು ಹೇಳ್ತಲ್ಲ ಮಿಸ್, ಅದು ತಪ್ಪಲ್ವಾ?’ ಎಂದು ಒಬ್ಬ ಹುಡುಗ ಕೇಳಿದ. ಬುದ್ಧನ ಹಿಂದಿನ ಜನ್ಮಗಳ ಕಥೆಗಳಾದ ಜಾತಕದಲ್ಲಿ ಆ ಮಂಗ ಬೋಧಿಸತ್ವನೇ, ಅಂದರೆ ಮುಂದೆ ಬುದ್ಧನಾಗುವವನೇ ಅಂತೆ. ಹಾಗಾದರೆ ಸುಳ್ಳಾಡಬಾರದೆನ್ನುವ ಪಂಚಶೀಲದ (ಬೌದ್ಧರ ಐದು ನಿಯಮಗಳ) ಗತಿ ಏನು?

ಉತ್ತರ: ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಈ ಕಥೆ ಬರೆದಿಟ್ಟ ಭಿಕ್ಷುಗಳಿಗೂ ಅಲ್ಲಿ ಸ್ವಲ್ಪ ಕಸಿವಿಸಿ ಆಗಿರಬೇಕು.

ಪಾಲಿ ಜಾತಕದ 547 ಕಥೆಗಳಲ್ಲಿ ಇದು 208ನೆಯದು, ಸುಂಸುಮಾರ ಜಾತಕ. ಪಂಚತಂತ್ರದ ಮಂಗ–ಮೊಸಳೆ ನೇರಳೆ ಮರದಡಿಯ ಗೆಳೆಯರು. ಇಲ್ಲಿ ಗೆಳೆತನದ ಸುಳಿವೇ ಇಲ್ಲ. ಗಂಗೆಯ ದಡದ ಮಂಗನನ್ನು ಕಂಡ ಹೆಣ್ಣು ಮೊಸಳೆಗೆ ಅದರ ಗುಂಡಿಗೆ ತಿನ್ನುವ ಬಯಕೆ. (ಬಸುರಿಯ ಬಯಕೆಗೆ ಹೇಳುವ ‘ದೋಹಳ’ ಎಂಬ ಪದವನ್ನೇ ಪಾಲಿಯಲ್ಲಿ ಬಳಸಿದ್ದಾರೆ.) ಆಚೆ ದಡದಲ್ಲಿ ಮಾವು, ಹಲಸು ಇದೆಯೆಂದು ಆಸೆ ತೋರಿಸಿ ಗಂಡು ಮೊಸಳೆ ಮಂಗನನ್ನು ಬೆನ್ನಿಗೇರಿಸಿಕೊಂಡು ಹೊರಡುತ್ತದೆ, ನಡುನೀರಿನಲ್ಲಿ ಮುಳುಗತೊಡಗುತ್ತದೆ. ‘ಕೊಂಬೆಯಿಂದ ಕೊಂಬೆಗೆ ನೆಗೆಯುವ ನಮಗೆ ಗುಂಡಿಗೆ ಒಳಗಿದ್ದರೆ ಪುಡಿಯಾಗಿ ಹೋಗದೇ? ಅಗೋ, ಅಲ್ಲಿ ನೇತು ಹಾಕಿದ್ದೇವೆ’ ಎಂದು ಮಂಗ ತೋರಿಸುವುದು ಅತ್ತಿಮರವನ್ನು. ಕಾಂಡಕ್ಕೇ ಕಚ್ಚಿಕೊಂಡು ಕೆಂಪು ಕೆಂಪಾಗಿ ಜೋತಾಡುವ ಅತ್ತಿಹಣ್ಣಿನ ಗೊಂಚಲು ನೋಡಿದವರಿಗೆ, ಮೊಸಳೆ ಯಾಕೆ ನಂಬಿತೆಂದು ಬೇರೆ ಹೇಳಬೇಕಿಲ್ಲ.

ಮರ ಸೇರಿದ ಮೇಲೆ ಮಂಗ ‘ನಿನ್ನ ಮೈ ದೊಡ್ಡದು, ಬುದ್ಧಿ ಅಷ್ಟಿಲ್ಲ. ನನ್ನಿಂದ ಮೋಸಹೋದೆ, ಇನ್ನು ಹೊರಡು’ ಎಂದು ತಾನೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ಅದು ಸುಳ್ಳೇ ಅಲ್ಲವೆಂದು ತರಗತಿಯಲ್ಲಿ ವಾದಿಸಲು ಹೋಗಬೇಡಿ. ಬೌದ್ಧ ವ್ಯಾಖ್ಯಾನಕಾರರು ಸುಳ್ಳಿನ ತೂಕವನ್ನು ಅದರಿಂದಾಗುವ ಹಾನಿಯಲ್ಲಿ ಅಳೆಯುತ್ತಾರೆ. ಬೋಧಿಸತ್ವ ಉಳಿದ ಶೀಲಗಳಲ್ಲಿ ಒಮ್ಮೊಮ್ಮೆ ಎಡವಿಯಾನು, ಆದರೆ ಇನ್ನೊಬ್ಬರ ಹಿತ ಕೆಡಿಸುವ ಸುಳ್ಳನ್ನು ಆಡಲಾರ ಎಂಬ ಮಾತು 431ನೆಯ ಜಾತಕದಲ್ಲಿದೆ. ಇಲ್ಲಿ ಮೊಸಳೆಗೆ ತಪ್ಪಿದ್ದು ಒಂದು ಗುಂಡಿಗೆ. ಅದೂ ಅದರದಲ್ಲ.

ನನಗೆ ಈ ಸಮಜಾಯಿಷಿಗಿಂತ 57ನೆಯ ‘ವಾನರಿಂದ’ (ವಾನರರಾಜ) ಜಾತಕವೇ ರುಚಿ. ಅಲ್ಲಿ ಮೊಸಳೆ ಹೊಳೆ ನಡುವಿನ ಬಂಡೆಯ ಮೇಲೆ ಹೊಂಚು ಹಾಕಿರುತ್ತದೆ. ಬಂಡೆ ಎಂದಿಗಿಂತ ಎತ್ತರ ಕಂಡು ಮಂಗನಿಗೆ ಅನುಮಾನ. ‘ಬಂಡೇ! ಇವತ್ತೇಕೆ ಮಾತಾಡುತ್ತಿಲ್ಲ?’ ಎಂದು ಕೂಗುತ್ತದೆ. ದಿನಾ ಮಾತಾಡುತ್ತದೇನೋ ಎಂದುಕೊಂಡು ಪೆದ್ದು ಮೊಸಳೆ ಓಗೊಡುತ್ತದೆ! ‘ಸರಿ, ಬಾಯಿ ತೆರೆ, ಬರುತ್ತೇನೆ’ ಅನ್ನುತ್ತದೆ ಮಂಗ. ಬಾಯಿ ತೆರೆದಾಗ ಮೊಸಳೆಯ ಕಣ್ಣು ಮುಚ್ಚಿಕೊಳ್ಳುತ್ತದೆಂಬುದು ಕಥೆಯ ಲೆಕ್ಕ. ಮಂಗ ಅದರ ತಲೆ ಮೇಲೆ ಕಾಲಿಟ್ಟು ದಡಕ್ಕೆ ಹಾರುತ್ತದೆ. ಆಗ ಸೋತ ಮೊಸಳೆಯೇ ಸತ್ಯ, ಧರ್ಮ, ಧೃತಿ, ತ್ಯಾಗ ನಾಲ್ಕೂ ನಿನ್ನಲ್ಲಿವೆ ಎಂದು ಹೊಗಳುತ್ತದೆ.

ಸತ್ಯ ಎಲ್ಲಿಂದ ಬಂತು? ‘ಬರುತ್ತೇನೆ ಅಂದಿತ್ತು, ಬಂತು’ ಎನ್ನುತ್ತದೆ ಅಟ್ಠಕಥೆ, ಅಂದರೆ ಜಾತಕದ ಪಾಲಿ ವ್ಯಾಖ್ಯಾನ. ವಕೀಲರ ವಾದದ ಹಾಗಿದೆ, ಒಪ್ಪಿದೆ. ಆದರೆ ರಾಜಕುಮಾರರಿಗೆ ಜಾಣತನ ಕಲಿಸಲು ಹೊರಟ ಪಂಚತಂತ್ರ ಇಂಥ ವಕಾಲತ್ತಿಗೆ ಕೈ ಹಾಕುವುದೇ ಇಲ್ಲ. ಗೆದ್ದ ಮೇಲೂ ಮಂಗನ ಮಾತು ಉಳಿಯಿತೇ ಎಂದು ತಲೆ ಕೆಡಿಸಿಕೊಂಡವರು ಜಾತಕದವರು.

ನಿಮ್ಮ ಹುಡುಗನಿಗೆ ಈ ಎರಡನೆಯದನ್ನೂ ಹೇಳಿ ನೋಡಿ. ‘ಬಂಡೆಯನ್ನು ಮಾತಾಡಿಸಿದ್ದು ಸುಳ್ಳಲ್ವಾ ಮಿಸ್?’ ಎಂದು ಕೇಳದೆ ಅವನು ಬಿಡುವವನಲ್ಲ. ಕೇಳಿದರೆ, ನೀವು ಏನು ಹೇಳಿದಿರೆಂದು ನನಗೂ ಬರೆಯಿರಿ.