ಆಡಿಟ್‌ನಲ್ಲಿ 17 ಬಂದರೆ ಕುಡಿತದ ಚಟ ಹತ್ತಿದೆ ಅಂತಲಾ?

ಅಕ್ಕ, ಮಂಡ್ಯದ ಡಾಕ್ಟರು ನಿಮ್ಮ ತಮ್ಮನಿಗೆ ಕುಡಿತದ ಬಗ್ಗೆ 10 ಪ್ರಶ್ನೆ ಕೇಳಿ 17 ಅಂಕ ಹಾಕಿದ್ದಾರೆ, ಚಟ ಹತ್ತಿದೆ ಅಂತಲಾ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ತೀರ್ಮಾನ ಮಾಡಬೇಡಿ. ಅದು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ. ಒಟ್ಟು 40 ಅಂಕ. 8 ಬಂದರೇ ಕುಡಿತ ಅಪಾಯದ ಕಡೆ ಹೊರಳಿದೆ ಅಂತ ಲೆಕ್ಕ. 16ರಿಂದ 19 ಅಂದರೆ ಕೌನ್ಸೆಲಿಂಗ್ ಕೊಟ್ಟು, ಮತ್ತೆ ಮತ್ತೆ ಕರೆಸಿ ನೋಡುವ ಹಂತ. 20 ಮುಟ್ಟಿದರೆ ತಜ್ಞರ ತಪಾಸಣೆ ಬೇಕೇ ಬೇಕು.

ಆದರೆ ನನಗೆ ಚಿಂತೆ ಇರುವುದು ನಿಮ್ಮ ತಮ್ಮ 'ದಿನಾ ಎರಡೇ' ಅಂದಿದ್ದರ ಬಗ್ಗೆ. ಆ ಪ್ರಶ್ನೆಗಳಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. ವಿಸ್ಕಿ, ರಮ್ ಆದರೆ ಬರೀ 30 ಎಂಎಲ್. ನಮ್ಮ ಕಡೆ ಪ್ಯಾಕೆಟ್ ಲೆಕ್ಕ ತಾನೇ ಹೇಳೋದು? 90 ಎಂಎಲ್ ಪ್ಯಾಕೆಟ್ ಎರಡು ಅಂದರೆ ಆರು ಡ್ರಿಂಕ್! ಎಷ್ಟು ಡ್ರಿಂಕ್ ಅಂತ ಕೇಳುವ ಎರಡನೇ ಪ್ರಶ್ನೆಯಲ್ಲಿ ಎರಡು ಡ್ರಿಂಕಿಗೆ ಸೊನ್ನೆ, ಆರಕ್ಕೆ 2 ಅಂಕ. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಬಾರಿ ಅಂತ ಕೇಳುವ ಮೂರನೇ ಪ್ರಶ್ನೆಯಲ್ಲಿ, ದಿನಾ ಆರು ಕುಡಿಯುವವರಿಗೆ ಇನ್ನೂ 4. ಅಲ್ಲಿಗೆ 17 ಇದ್ದದ್ದು 23 ಆಗಬಹುದು. ದಯವಿಟ್ಟು ಎಂಎಲ್‌ನಲ್ಲಿ ಕೇಳಿ ಡಾಕ್ಟರಿಗೆ ತಿಳಿಸಿ.

ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿದ್ದರೆ, ಆಣೆ ಹಾಕಿಸಿ ಒಂದೇ ಸಲಕ್ಕೆ ಬಿಡಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತಮ್ಮ ಬರಲ್ಲ ಅಂದರೆ ನೀವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.